ನನ್ನ ಹೆಸರು ತೆಗೆಯಿರಿ ಎಂದು ಅರ್ಜಿ ಹಾಕಿದವರು ಯಾರು?

ಗಾಂಧಿನಗರ ವಿಧಾನಸಭಾ ಕ್ಷೇತ್ರದಲ್ಲಿ 2023ರ ಮೇ 13ರಂದು ಎಣಿಕೆ ಮುಗಿದಾಗ ಗೆದ್ದವರಿಗೂ ಸೋತವರಿಗೂ ನಡುವೆ ಉಳಿದ ಅಂತರ 105 ಮತ. ಶೇಷಾದ್ರಿಪುರಂ ಇರುವುದು ಈ ಕ್ಷೇತ್ರದಲ್ಲೇ. ಅದೇ ಚುನಾವಣೆಯಲ್ಲಿ ಜಯನಗರದ ಫಲಿತಾಂಶ ಮರು ಎಣಿಕೆಯಾಗಿ ಕೊನೆಗೆ 16 ಮತಕ್ಕೆ ಬಂದು ನಿಂತಿತು. ಹಿಂದಕ್ಕೆ ಹೋದರೆ 2004ರ ಸಂತೇಮರಹಳ್ಳಿ ಇದೆ. ಅಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿ ಅವರ ಎದುರು ಗೆದ್ದದ್ದು ಒಂದೇ ಒಂದು ಮತದಿಂದ, 40,752ಕ್ಕೆ 40,751.

ನೂರೈದು ಮತ ಅಂದರೆ ನಮ್ಮ ಕಡೆಯ ಲೆಕ್ಕದಲ್ಲಿ ಎರಡು ಸಾಧಾರಣ ಅಪಾರ್ಟ್‌ಮೆಂಟ್, ಇಲ್ಲವೇ ವಿ.ವಿ. ಗಿರಿ ಕಾಲೊನಿಯ ಒಂದೆರಡು ಸಾಲು ಮನೆ. ಅಷ್ಟು ಹೆಸರು ಮತದಾರರ ಪಟ್ಟಿಯಿಂದ ಬಿದ್ದುಹೋದರೆ ಊರಿಗೆ ಸುದ್ದಿಯೇ ಆಗುವುದಿಲ್ಲ. ಮತದಾನದ ದಿನ ಶಾಲೆಯ ಗೇಟಿನಿಂದ ಆಚೆ ಪಕ್ಷದವರು ಮೇಜು ಹಾಕಿಕೊಂಡು ಚೀಟಿ ಬರೆದುಕೊಡುತ್ತಿರುತ್ತಾರೆ. ಅಲ್ಲಿ ನಿಂತು, ‘ನಿಮ್ಮ ಹೆಸರೇ ಇಲ್ವಲ್ಲ ಸಾರ್’ ಅನ್ನಿಸಿಕೊಂಡು ಹಿಂತಿರುಗುವವರನ್ನು ಪ್ರತಿ ಚುನಾವಣೆಯಲ್ಲೂ ನೋಡುತ್ತೇವೆ. ಹೆಚ್ಚಿನವರು ವ್ಯವಸ್ಥೆಯನ್ನು ಬೈದುಕೊಂಡು ಮನೆಗೆ ಹೋಗುತ್ತಾರೆ. ಯಾಕೆ ಇಲ್ಲ, ಯಾರು ತೆಗೆಸಿದರು, ಯಾವತ್ತು ತೆಗೆಸಿದರು ಎಂದು ಪಟ್ಟು ಹಿಡಿದು ಕೇಳುವವರು ತೀರಾ ಕಡಿಮೆ. ಸೈಬರ್ ಭದ್ರತೆಗೂ ಪ್ರಜಾಪ್ರಭುತ್ವಕ್ಕೂ ಇರುವ ನಂಟು ಈ ಮೂರು ಪ್ರಶ್ನೆಗಳಲ್ಲೇ ಇದೆ ಎಂದು ನನಗನ್ನಿಸುತ್ತದೆ.

ಚುನಾವಣೆ, ಹ್ಯಾಕಿಂಗ್ ಎಂಬ ಎರಡು ಮಾತು ಒಟ್ಟಿಗೆ ಬಂದೊಡನೆ ಚರ್ಚೆ ಮತಯಂತ್ರಕ್ಕೆ ಹಾರುತ್ತದೆ. ಆ ಯಂತ್ರ ನಮಗೆ ದೂರದ್ದೇನಲ್ಲ. ಅದನ್ನು ತಯಾರಿಸುವ ಎರಡು ಸರ್ಕಾರಿ ಕಂಪನಿಗಳಲ್ಲಿ ಒಂದಾದ ಬಿಇಎಲ್ ನಮ್ಮ ಜಾಲಹಳ್ಳಿಯಲ್ಲೇ ಇದೆ. 2024ರ ಏಪ್ರಿಲ್ 26ರಂದು ಬೆಂಗಳೂರು ಲೋಕಸಭೆಗೆ ಮತ ಹಾಕುತ್ತಿದ್ದಾಗಲೇ ಸುಪ್ರೀಂ ಕೋರ್ಟ್ ಮತಯಂತ್ರದ ವ್ಯವಸ್ಥೆಯನ್ನು ಎತ್ತಿಹಿಡಿದು, ವಿವಿಪ್ಯಾಟ್‌ಗೆ ಚಿಹ್ನೆ ತುಂಬುವ ಘಟಕಗಳನ್ನು ಫಲಿತಾಂಶದ ನಂತರ 45 ದಿನ ಮೊಹರು ಮಾಡಿ ಇಡಬೇಕೆಂದು ಆದೇಶಿಸಿತು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಮತಪತ್ರವೇ ಇರಲಿ ಎಂದು ಶಿಫಾರಸು ಮಾಡಿತು. ಯಂತ್ರವೋ ಕಾಗದವೋ ಎಂಬ ಚರ್ಚೆ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಮತಗಟ್ಟೆಯ ಒಳಗೇ ಬಿಟ್ಟುಕೊಳ್ಳದವರಿಗೆ ಅಲ್ಲಿರುವುದು ಯಂತ್ರವಾದರೇನು, ಕಾಗದವಾದರೇನು?

ಮತಯಂತ್ರ ಯಾವ ಜಾಲಕ್ಕೂ ಸೇರಿದ್ದಲ್ಲ. ಮತದಾರರ ಪಟ್ಟಿ ಮಾತ್ರ ಹೆಜ್ಜೆಹೆಜ್ಜೆಗೂ ಜಾಲದ ಮೇಲೆಯೇ ನಡೆಯುತ್ತದೆ. ಹೆಸರು ಸೇರಿಸುವ ಅರ್ಜಿ, ತೆಗೆಸುವ ಅರ್ಜಿ, ಮನೆಮನೆಗೆ ಬರುವ ಮತಗಟ್ಟೆ ಮಟ್ಟದ ಅಧಿಕಾರಿಯ ಅಂದರೆ ಬಿಎಲ್‌ಒ ಕೈಲಿರುವ ಆ್ಯಪ್, ಅದಕ್ಕೆ ಒಪ್ಪಿಗೆ ಕೊಡುವ ನೋಂದಣಾಧಿಕಾರಿಯ ಲಾಗಿನ್, ಎಲ್ಲವೂ ಆನ್‌ಲೈನ್. ಕದಿಯುವವನು ಬಾಗಿಲು ಹುಡುಕುವುದೇ ಆದರೆ ಎಲ್ಲಿ ಹುಡುಕುತ್ತಾನೆಂದು ಬಿಡಿಸಿ ಹೇಳಬೇಕಿಲ್ಲ.

ಪಟ್ಟಿಯ ವಿಷಯಕ್ಕೂ ಶೇಷಾದ್ರಿಪುರಕ್ಕೂ ಒಂದು ಹಳೆಯ ಸಂಬಂಧವಿದೆ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರನ್ನು ನಾವು ನೆನೆಯುವುದು ಹೆಸರಘಟ್ಟದ ನೀರಿಗೆ, ಶಿವನಸಮುದ್ರದ ವಿದ್ಯುತ್ತಿಗೆ. ಇನ್ನೊಂದು ಕಾರಣಕ್ಕೂ ನೆನೆಯಬೇಕು. ಮೈಸೂರಿನ ಪ್ರಜಾಪ್ರತಿನಿಧಿ ಸಭೆ 1881ರಲ್ಲಿ ರಂಗಾಚಾರ್ಲು ಅವರ ಕಾಲದಲ್ಲಿ ಶುರುವಾದಾಗ ಅದರಲ್ಲಿ ಚುನಾಯಿತರು ಇರಲಿಲ್ಲ. ಪ್ರತಿನಿಧಿಗಳನ್ನು ಚುನಾಯಿಸುವ ಹಕ್ಕು ಬಂದದ್ದು 1891ರಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ. ಅದೂ ಎಲ್ಲರಿಗಲ್ಲ. ಇಂತಿಷ್ಟು ಕಂದಾಯ ಕಟ್ಟುವವರು, ಆಸ್ತಿಯುಳ್ಳವರು, ಪದವಿ ಪಡೆದವರು ಮಾತ್ರ ಆ ಪಟ್ಟಿಯಲ್ಲಿದ್ದರು. ಹೆಂಗಸರು 1920ರ ದಶಕದವರೆಗೆ ಕಾಯಬೇಕಾಯಿತು. ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆಯಲ್ಲೂ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು, ಕಾರಣ ಅವರು ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ್ದರು. ಹಾಗೆ ನೋಡಿದರೆ ನಮ್ಮ ಪ್ರಜಾಪ್ರಭುತ್ವದ ಚರಿತ್ರೆಯೆಂದರೆ ಒಂದು ಪಟ್ಟಿ ಸ್ವಲ್ಪಸ್ವಲ್ಪವಾಗಿ ಉದ್ದವಾದ ಚರಿತ್ರೆ. ಅದನ್ನು ಗುಟ್ಟಾಗಿ ಮೊಟಕು ಮಾಡುವ ಪ್ರಯತ್ನ ಎಲ್ಲಿ ನಡೆದರೂ ಅದು ಸಣ್ಣ ವಿಷಯವಲ್ಲ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಕಚೇರಿ ‘ನಿರ್ವಾಚನ ನಿಲಯ’ ಕೂಡ ಇದೇ ದಿವಾನರ ಹೆಸರಿನ ಶೇಷಾದ್ರಿ ರಸ್ತೆಯಲ್ಲಿದೆ.

ಇನ್ನು ಚಿಲುಮೆ ಪ್ರಕರಣ. ಹೆಸರು ಎಲ್ಲರಿಗೂ ನೆನಪಿದೆ, ವಿವರ ಮರೆತುಹೋಗಿದೆ.

2022ರ ಆಗಸ್ಟ್‌ನಲ್ಲಿ ಬಿಬಿಎಂಪಿಯು ಮಲ್ಲೇಶ್ವರದಲ್ಲಿ ಕಚೇರಿಯಿದ್ದ ಚಿಲುಮೆ ಶೈಕ್ಷಣಿಕ, ಸಾಂಸ್ಕೃತಿಕ ಮತ್ತು ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ಮತದಾರರಲ್ಲಿ ಜಾಗೃತಿ ಮೂಡಿಸುವ ಕೆಲಸಕ್ಕೆ ಅನುಮತಿ ಕೊಟ್ಟಿತು. ಸಂಸ್ಥೆ ಇದನ್ನು ಪುಕ್ಕಟೆ ಮಾಡಿಕೊಡುವುದಾಗಿ ಹೇಳಿತ್ತು. ಮೂರು ತಿಂಗಳಲ್ಲಿ, ಅದೇ ನವೆಂಬರ್ 16ರಂದು, ‘ದಿ ನ್ಯೂಸ್ ಮಿನಿಟ್’ ಮತ್ತು ‘ಪ್ರತಿಧ್ವನಿ’ಯ ಪತ್ರಕರ್ತರು ಒಳಗಿನ ಕಥೆಯನ್ನು ಹೊರಗೆಳೆದರು. ಜಾಗೃತಿಗೆಂದು ಹೋದವರು ಬಿಎಲ್‌ಒಗಳಂತೆ ಗುರುತಿನ ಚೀಟಿ ಹಾಕಿಕೊಂಡು ಮನೆಮನೆಯಲ್ಲಿ ಜಾತಿ, ಉದ್ಯೋಗ, ವಿದ್ಯಾಭ್ಯಾಸ, ಫೋನ್ ನಂಬರ್, ಆಧಾರ್ ವಿವರ ಕೇಳಿ ಬರೆದುಕೊಂಡಿದ್ದರು. ಆ ಮಾಹಿತಿ ಹೋದದ್ದು ಚುನಾವಣಾ ಆಯೋಗದ ಆ್ಯಪ್‌ಗಲ್ಲ, ಸಂಸ್ಥೆಯದೇ ‘ಡಿಜಿಟಲ್ ಸಮೀಕ್ಷಾ’ ಎಂಬ ಆ್ಯಪ್‌ಗೆ. ಸಂಸ್ಥೆಗೆ ಕೊಟ್ಟ ಅನುಮತಿಯನ್ನು ಪಾಲಿಕೆ ನವೆಂಬರ್ ಮೊದಲ ವಾರದಲ್ಲೇ ಹಿಂದಕ್ಕೆ ಪಡೆದಿತ್ತು. ಸುದ್ದಿ ಬಂದ ಮೇಲೆ ಹಲಸೂರು ಗೇಟ್ ಮತ್ತು ಕಾಡುಗೋಡಿ ಠಾಣೆಗಳಲ್ಲಿ ಎಫ್‌ಐಆರ್ ಆಯಿತು. ಸಂಸ್ಥೆಯ ಮುಖ್ಯಸ್ಥರೂ ಪಾಲಿಕೆಯ ಕೆಲವು ಕಂದಾಯ ಅಧಿಕಾರಿಗಳೂ ಬಂಧನಕ್ಕೆ ಒಳಗಾದರು. ನವೆಂಬರ್ 25ರಂದು ಚುನಾವಣಾ ಆಯೋಗ ಇಬ್ಬರು ಹಿರಿಯ ಅಧಿಕಾರಿಗಳ ಅಮಾನತಿಗೆ ಸೂಚಿಸಿ, ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳಲ್ಲಿ ಆ ವರ್ಷ ಸೇರಿಸಿದ, ತೆಗೆದ ಪ್ರತಿಯೊಂದು ಹೆಸರನ್ನೂ ಮತ್ತೆ ಪರಿಶೀಲಿಸಲು ಹೇಳಿತು. ಆಕ್ಷೇಪಣೆ ಸಲ್ಲಿಸುವ ಗಡುವನ್ನು ಡಿಸೆಂಬರ್ 24ರವರೆಗೆ ಮುಂದಕ್ಕೆ ಹಾಕಿತು.

ಇಲ್ಲಿ ಯಾವ ಹ್ಯಾಕರ್ ಇದ್ದ? ಯಾವ ಸರ್ವರ್ ಒಡೆಯಿತು? ಯಾವುದೂ ಇಲ್ಲ. ಕರೆಗಂಟೆ ಒತ್ತಿದರು, ಬಾಗಿಲು ತೆರೆಯಿತು, ಮಾಹಿತಿ ಸಿಕ್ಕಿತು.

ನಮ್ಮ ಹಳೆಯ ಬಡಾವಣೆಗಳಲ್ಲಿ ಇದು ಹೇಗೆ ನಡೆಯುತ್ತದೆಂದು ಎಲ್ಲರಿಗೂ ಗೊತ್ತು. ಬೆಳಿಗ್ಗೆ ಹನ್ನೊಂದರ ಹೊತ್ತು. ಕೆಲಸಕ್ಕೆ ಹೋಗುವವರು ಹೋಗಿರುತ್ತಾರೆ, ಮನೆಯಲ್ಲಿ ವಯಸ್ಸಾದವರು ಮಾತ್ರ. ಕೊರಳಲ್ಲಿ ಪಟ್ಟಿ, ಬೆನ್ನಿಗೆ ಬ್ಯಾಗು, ಕೈಯಲ್ಲಿ ಮೊಬೈಲ್ ಹಿಡಿದ ಹುಡುಗ ಗೇಟಿನ ಹತ್ತಿರ ನಿಂತು, ‘ಅಮ್ಮಾ, ವೋಟರ್ ಲಿಸ್ಟ್ ಚೆಕ್ ಮಾಡಕ್ಕೆ ಬಂದಿದೀವಿ. ಮನೇಲಿ ಎಷ್ಟು ಜನ?’ ಅನ್ನುತ್ತಾನೆ. ‘ನಾನು, ನಮ್ಮ ಯಜಮಾನ್ರು, ಮಗ ಸೊಸೆ. ಕೂತ್ಕೋಪ್ಪ, ಬಿಸ್ಲಲ್ಲಿ ಬಂದಿದೀಯ, ನೀರು ಕುಡಿತೀಯಾ?’ ಅನ್ನುತ್ತಾರೆ ಅಮ್ಮ. ನೀರು ಕುಡಿಯುವಷ್ಟರಲ್ಲಿ ಮಗ ಯಾವ ಕಂಪನಿಯಲ್ಲಿದ್ದಾನೆ, ಮನೆ ಸ್ವಂತವೋ ಬಾಡಿಗೆಯೋ, ಯಾವ ಜನ, ಯಾರ ನಂಬರಿಗೆ ಓಟಿಪಿ ಬರುತ್ತದೆ, ಎಲ್ಲ ಹೇಳಿಯಾಗಿರುತ್ತದೆ. ಅಮ್ಮನನ್ನು ದಡ್ಡರು ಅನ್ನುವವರನ್ನು ನಾನು ಒಪ್ಪುವುದಿಲ್ಲ. ಬಿಸಿಲಲ್ಲಿ ಬಂದವನಿಗೆ ನೀರು ಕೊಡುವುದು ಈ ಊರಿನ ಒಳ್ಳೆಯತನ. ಆ ಒಳ್ಳೆಯತನವನ್ನೇ ಬಂಡವಾಳ ಮಾಡಿಕೊಂಡವರದು ತಪ್ಪು, ಸರ್ಕಾರದ ಮೊಹರನ್ನು ಖಾಸಗಿಯವರ ಕೊರಳಿಗೆ ಹಾಕಿದವರದು ಅದಕ್ಕಿಂತ ದೊಡ್ಡ ತಪ್ಪು.

ಸಂದರ್ಭವೂ ಹಾಗಿತ್ತು. 2022ರ ಆಗಸ್ಟ್ 1ರಿಂದ ಮತದಾರರ ಚೀಟಿಗೆ ಆಧಾರ್ ಜೋಡಿಸುವ ಕೆಲಸ ದೇಶದಾದ್ಯಂತ ಶುರುವಾಗಿತ್ತು. ಕಾನೂನಿನಲ್ಲಿ ಅದು ಐಚ್ಛಿಕ. ಆದರೆ ಹಾಗೆಂದು ಬಾಗಿಲಲ್ಲಿ ಯಾರೂ ಹೇಳಲಿಲ್ಲ. ಆಧಾರ್ ಕೇಳುತ್ತಾ ನಿಜವಾದ ಬಿಎಲ್‌ಒಗಳೂ ಓಡಾಡುತ್ತಿದ್ದ ದಿನಗಳಲ್ಲಿ ನಕಲಿ ಯಾರು, ಅಸಲಿ ಯಾರು ಎಂದು ಮನೆಯವರು ಪತ್ತೆ ಹಚ್ಚುವುದು ಹೇಗೆ?

ಮತದಾರರ ಪಟ್ಟಿಯಲ್ಲಿ ಸಾರ್ವಜನಿಕವಾಗಿ ಇರುವುದು ಹೆಸರು, ತಂದೆಯ ಅಥವಾ ಗಂಡನ ಹೆಸರು, ವಯಸ್ಸು, ಲಿಂಗ, ಮನೆ ನಂಬರು, ಗುರುತಿನ ಚೀಟಿಯ ಸಂಖ್ಯೆ. ಇಷ್ಟಕ್ಕೆ ಜಾತಿ, ಉದ್ಯೋಗ, ಫೋನ್ ನಂಬರ್ ಸೇರಿತೆಂದರೆ ಅದು ಇನ್ನು ಬರೀ ಪಟ್ಟಿಯಲ್ಲ. ಯಾವ ಬೀದಿಯಲ್ಲಿ ಯಾರ ಮತ ಯಾರಿಗೆ ಬೀಳಬಹುದು ಎಂಬ ಅಂದಾಜು ಕೈಗೆ ಬಂದ ಹಾಗೆ. ಆ ಅಂದಾಜು ಇದ್ದವರಿಗೆ ಯಾರ ಮನೆಗೆ ಹೋಗಿ ಓಲೈಸಬೇಕು ಎಂಬುದು ಗೊತ್ತಾಗುತ್ತದೆ, ಯಾರ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ತಮಗೆ ಒಳ್ಳೆಯದು ಎಂಬುದೂ ಗೊತ್ತಾಗುತ್ತದೆ. ಕೇಂಬ್ರಿಡ್ಜ್ ಅನಲಿಟಿಕಾ ಕಂಪನಿ 8.7 ಕೋಟಿ ಫೇಸ್‌ಬುಕ್ ಬಳಕೆದಾರರ ಮಾಹಿತಿ ಎತ್ತಿಕೊಂಡದ್ದು 2018ರಲ್ಲಿ ಬಯಲಾದಾಗ ಜಗತ್ತು ಬೆಚ್ಚಿತು. 2016ರಲ್ಲಿ ಫಿಲಿಪೀನ್ಸ್ ಚುನಾವಣಾ ಆಯೋಗದ ವೆಬ್‌ಸೈಟ್ ಒಡೆದು ಸುಮಾರು ಐದೂವರೆ ಕೋಟಿ ಮತದಾರರ ವಿವರ ಬೀದಿಗೆ ಬಿತ್ತು. ಮಲ್ಲೇಶ್ವರದಲ್ಲಿ ಅಷ್ಟು ತಂತ್ರಜ್ಞಾನವೂ ಬೇಕಾಗಲಿಲ್ಲ. ಹೀಗೆ ಹೊರಗೆ ಹೋದ ಫೋನ್ ನಂಬರು, ವಯಸ್ಸು, ಮನೆಯ ವಿಳಾಸಗಳು ವಂಚಕರ ಕೈಗೂ ಸಿಗಬಹುದು ಎಂಬುದು ಇನ್ನೊಂದು ಕಷ್ಟ. ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸುವವರು ಮೊದಲು ಹೇಳುವುದೇ ನಿಮ್ಮ ಪೂರ್ತಿ ಹೆಸರು ಮತ್ತು ವಿಳಾಸ. ದುಡ್ಡು ಕಳೆದುಕೊಂಡವರು ತಡಮಾಡದೆ 1930ಕ್ಕೆ ಫೋನ್ ಮಾಡಬೇಕೆಂದು ಈಗ ಸಾಕಷ್ಟು ಜನಕ್ಕೆ ಗೊತ್ತಿದೆ. ಮತ ಕಳೆದುಕೊಂಡವರಿಗೆ ಹಾಗೆ ಬಾಯಿಗೆ ಬರುವ ಒಂದು ನಂಬರು ಇದೆಯೇ? 1950 ಎಂಬ ಮತದಾರರ ಸಹಾಯವಾಣಿ ಇದೆ. ಎಷ್ಟು ಜನ ಅದಕ್ಕೆ ಕರೆ ಮಾಡಿದ್ದಾರೆ ಎಂದು ನಿಮ್ಮ ಮನೆಯಲ್ಲೇ ಕೇಳಿ ನೋಡಿ.

ಚಿಲುಮೆಯಲ್ಲಿ ಮಾಹಿತಿ ಹೊರಗೆ ಹೋಯಿತು. ಆಳಂದದಲ್ಲಿ ನಡೆದದ್ದು ಅದರ ಮುಂದಿನ ಅಧ್ಯಾಯ.

ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ 2023ರ ವಿಧಾನಸಭಾ ಚುನಾವಣೆಗೆ ಮೊದಲು, ಹೆಸರು ತೆಗೆಸಲು ಬಳಸುವ ನಮೂನೆ 7ರಲ್ಲಿ 6,018 ಆನ್‌ಲೈನ್ ಅರ್ಜಿಗಳು ಬಂದವು. ಒಬ್ಬ ಬಿಎಲ್‌ಒಗೆ ಬಂದ ಅರ್ಜಿ ಅವರ ಸಂಬಂಧಿಕರದೇ ಹೆಸರು ತೆಗೆಯಿರಿ ಎಂದಿತ್ತು. ಆ ಸಂಬಂಧಿಕರು ಊರಿನಲ್ಲೇ ಇದ್ದರು. ಅನುಮಾನ ಹುಟ್ಟಿದ್ದು ಅಲ್ಲಿಂದ. ಆಗ ಅಭ್ಯರ್ಥಿಯಾಗಲಿದ್ದ ಬಿ.ಆರ್. ಪಾಟೀಲರು ದೂರು ಕೊಟ್ಟರು. ಅಧಿಕಾರಿಗಳು ಒಂದೊಂದೇ ಅರ್ಜಿ ಹಿಡಿದು ಮನೆಗಳಿಗೆ ಹೋದರು. 6,018ರಲ್ಲಿ ನಿಜವಾಗಿ ಊರು ಬಿಟ್ಟವರ ಅರ್ಜಿ 24 ಮಾತ್ರ. ಉಳಿದ 5,994 ಸುಳ್ಳು. ಆ ಹೆಸರುಗಳು ಉಳಿದವು, ಫೆಬ್ರುವರಿಯಲ್ಲಿ ಎಫ್‌ಐಆರ್ ಆಯಿತು, ಮೇ ತಿಂಗಳಲ್ಲಿ ಪಾಟೀಲರು ಹತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಅರ್ಜಿ ಹಾಕಿದವರೆಂದು ದಾಖಲಾಗಿದ್ದ ಜನರನ್ನು ಕೇಳಿದರೆ ಅವರಿಗೆ ವಿಷಯವೇ ಗೊತ್ತಿರಲಿಲ್ಲ. ಅಂದರೆ ಇಲ್ಲಿ ಎರಡು ಕಳ್ಳತನ ನಡೆದಿತ್ತು, ಒಬ್ಬರ ಮತ ತೆಗೆಯುವ ಪ್ರಯತ್ನ ಮತ್ತು ಅದಕ್ಕಾಗಿ ಇನ್ನೊಬ್ಬರ ಹೆಸರಿನ ಬಳಕೆ. ಒಂದೊಂದು ಸುಳ್ಳು ಅರ್ಜಿಗೆ 80 ರೂಪಾಯಿ ಸಂದಾಯವಾಗಿದೆ ಎಂದು ವಿಶೇಷ ತನಿಖಾ ತಂಡ ಕಂಡುಕೊಂಡಿದ್ದಾಗಿ 2025ರ ಅಕ್ಟೋಬರ್‌ನಲ್ಲಿ ಪತ್ರಿಕೆಗಳು ವರದಿ ಮಾಡಿದವು. ಒಂದು ಮತದ ಹಿಂದೆ ಎಷ್ಟು ತಲೆಮಾರಿನ ಹೋರಾಟವಿದೆ ಎಂದು ಬಲ್ಲವರಿಗೆ ಆ 80 ರೂಪಾಯಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

2025ರ ಸೆಪ್ಟೆಂಬರ್ 18ರಂದು ರಾಹುಲ್ ಗಾಂಧಿ ದೆಹಲಿಯಲ್ಲಿ ಪತ್ರಿಕಾಗೋಷ್ಠಿ ಕರೆದು ಆಳಂದದ ಹೆಸರನ್ನು ದೇಶಕ್ಕೆಲ್ಲ ಕೇಳಿಸಿದರು. ಆಯೋಗ ಆರೋಪವನ್ನು ತಳ್ಳಿಹಾಕಿತು. ಆನ್‌ಲೈನಿನಲ್ಲಿ ಅರ್ಜಿ ಹಾಕಿದ ಮಾತ್ರಕ್ಕೆ ಯಾರ ಹೆಸರೂ ಅಳಿಯುವುದಿಲ್ಲ, ವಿಚಾರಣೆ ಆಗಲೇಬೇಕು, 2023ರಲ್ಲಿ ದೂರು ಕೊಡಿಸಿದ್ದೇ ತಾನು ಎಂದಿತು. ಆ ಮಾತಿನಲ್ಲಿ ಸತ್ಯವಿದೆ. ಬಿಎಲ್‌ಒಗಳು ಮನೆ ಬಾಗಿಲಿಗೆ ಹೋದದ್ದರಿಂದಲೇ ಆ 5,994 ಮತಗಳು ಉಳಿದವು. ಆದರೆ ಪೊಲೀಸರು ಕೇಳಿದ ಪ್ರಶ್ನೆ ಬೇರೆ, ಅರ್ಜಿ ಹಾಕಿದವರು ಯಾರು ಎಂಬುದು. ಅದಕ್ಕೆ ಪೂರ್ತಿ ಉತ್ತರ ಸಿಗಲಿಲ್ಲ. ಸಿಐಡಿ ಹಲವು ಬಾರಿ ಪತ್ರ ಬರೆದು ಕೇಳಿದ ತಾಂತ್ರಿಕ ವಿವರಗಳಲ್ಲಿ ಕೆಲವು ಬಂದವು, ಮುಖ್ಯವಾದವು ಬರಲಿಲ್ಲ.

ಆ ವಿವರ ಏನೆಂಬುದನ್ನು ಸ್ವಲ್ಪ ನಿಧಾನಕ್ಕೆ ನೋಡಬೇಕು, ಇಡೀ ಪ್ರಕರಣ ನಿಂತಿರುವುದು ಅಲ್ಲಿ. ನಾವು ಮೊಬೈಲಿನಿಂದ ಯಾವುದೇ ವೆಬ್‌ಸೈಟಿಗೆ ಹೋದರೂ ಅಲ್ಲಿ ನಮ್ಮ ಐಪಿ ವಿಳಾಸ ದಾಖಲಾಗುತ್ತದೆ. ಆದರೆ ಮೊಬೈಲ್ ಕಂಪನಿಗಳ ಬಳಿ ಎಲ್ಲರಿಗೂ ಒಂದೊಂದು ಕೊಡುವಷ್ಟು ಐಪಿ ವಿಳಾಸಗಳಿಲ್ಲ. ಒಂದೇ ವಿಳಾಸವನ್ನು ಒಂದೇ ಗಳಿಗೆಯಲ್ಲಿ ನೂರಾರು ಗ್ರಾಹಕರಿಗೆ ಹಂಚುತ್ತವೆ, ಗಳಿಗೆ ಕಳೆದರೆ ಅದೂ ಬದಲು. ಶೇಷಾದ್ರಿಪುರಂನ ಒಂದು ಪಿ.ಜಿ.ಗೆ ಬರೀ ಕಟ್ಟಡದ ವಿಳಾಸ ಬರೆದು, ರೂಮ್ ನಂಬರ್ ಬರೆಯದೆ ಕಾಗದ ಕಳಿಸಿದ ಹಾಗೆ ಅದು. ಇಂಟರ್‌ನೆಟ್‌ನಲ್ಲಿ ಆ ರೂಮ್ ನಂಬರನ್ನು ಪೋರ್ಟ್ ಎನ್ನುತ್ತಾರೆ. ಯಾವ ಸೆಕೆಂಡಿನಲ್ಲಿ, ಯಾವ ಪೋರ್ಟಿನಿಂದ, ಆಯೋಗದ ಯಾವ ಸರ್ವರ್ ವಿಳಾಸಕ್ಕೆ ಸಂಪರ್ಕ ಬಂತು ಎಂಬುದೂ ಸೇರಿದರೆ ಮೊಬೈಲ್ ಕಂಪನಿ ಒಬ್ಬ ಗ್ರಾಹಕನತ್ತ ಬೆರಳು ತೋರಿಸಬಲ್ಲದು. ಇಲ್ಲದಿದ್ದರೆ ಪೊಲೀಸರ ಮುಂದೆ ಸಾಲುಸಾಲು ಹೆಸರು ಬಂದು ನಿಲ್ಲುತ್ತವೆ, ಅಷ್ಟೆ. ಮೊಬೈಲ್ ಕಂಪನಿಗಳು ಈ ದಾಖಲೆಯನ್ನು ಶಾಶ್ವತವಾಗಿ ಇಟ್ಟುಕೊಳ್ಳುವುದೂ ಇಲ್ಲ. ತನಿಖೆ ತಡವಾದಷ್ಟೂ ಜಾಡು ಮಸುಕಾಗುತ್ತದೆ. ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ಶುರುವಾದದ್ದು ಬೆಂಗಳೂರಿನಲ್ಲೇ. ಜಾಡು ಹಿಡಿಯುವ ವಿದ್ಯೆಗೆ ಇಲ್ಲಿ ಬರವಿಲ್ಲ. ಬರ ಇರುವುದು ಕೊಡಬೇಕಾದ ದಾಖಲೆಯನ್ನು ಹೊತ್ತಿಗೆ ಸರಿಯಾಗಿ ಕೊಡುವ ಮನಸ್ಸಿಗೆ.

ರಾಹುಲ್ ಗಾಂಧಿ ಪತ್ರಿಕಾಗೋಷ್ಠಿ ನಡೆದ ವಾರದೊಳಗೆ ಆಯೋಗ ಆನ್‌ಲೈನ್ ಅರ್ಜಿಗಳಿಗೆ ಆಧಾರ್‌ಗೆ ಜೋಡಿಸಿದ ಮೊಬೈಲ್ ಮೂಲಕ ಇ-ಸಹಿ ಹಾಕುವ ನಿಯಮ ತಂದದ್ದು ಸುದ್ದಿಯಾಯಿತು. ಒಳ್ಳೆಯದೇ. ಆದರೆ ಚಿಲುಮೆಯ ಪಾಠ ಮರೆಯಬಾರದು. ಬಾಗಿಲಲ್ಲಿ ನಿಂತು ಓಟಿಪಿ ಕೇಳಿ ಪಡೆಯಬಲ್ಲವನಿಗೆ ಇ-ಸಹಿ ದೊಡ್ಡ ಅಡ್ಡಿಯೇನಲ್ಲ.

ಈ ಎರಡು ಪ್ರಕರಣಗಳನ್ನು ಅಕ್ಕಪಕ್ಕ ಇಟ್ಟಾಗ ಕಾಣುವುದು ಹೀಗಿದೆ. ಮುಚ್ಚಿರಬೇಕಾದದ್ದು ತೆರೆದಿದೆ, ತೆರೆದಿರಬೇಕಾದದ್ದು ಮುಚ್ಚಿದೆ. ನನ್ನ ಜಾತಿ, ನನ್ನ ಫೋನು, ನನ್ನ ಆಧಾರ್ ಸಂಖ್ಯೆ ಗುಟ್ಟಾಗಿರಬೇಕಿತ್ತು. ಅದು ಯಾವುದೋ ಆ್ಯಪ್‌ನಲ್ಲಿದೆ. ನನ್ನ ಹೆಸರು ತೆಗೆಯಲು ಯಾರು ಅರ್ಜಿ ಹಾಕಿದರು ಎಂಬುದು ಎಲ್ಲರಿಗೂ ಗೊತ್ತಾಗಬೇಕಿತ್ತು. ಅದನ್ನು ಪೊಲೀಸರೂ ವರ್ಷಗಟ್ಟಲೆ ಹುಡುಕಬೇಕಾಯಿತು. ಮತದಾರರ ಪಟ್ಟಿಗೆ ನಮ್ಮ ಕಾನೂನು ಮೊದಲಿನಿಂದ ಕೊಟ್ಟಿರುವ ರಕ್ಷಣೆ ಬೀಗದ್ದಲ್ಲ, ಪ್ರಕಟಣೆಯದು. 1960ರ ನೋಂದಣಿ ನಿಯಮಗಳ ಪ್ರಕಾರ ಕರಡು ಪಟ್ಟಿಯನ್ನು ಊರಿಗೆಲ್ಲ ಕಾಣುವಂತೆ ಪ್ರಕಟಿಸಬೇಕು, ಆಕ್ಷೇಪಣೆ ಕರೆಯಬೇಕು, ಆಕ್ಷೇಪಣೆ ಬಂದರೆ ಅದನ್ನೂ ಪ್ರಕಟಿಸಬೇಕು. ಬೀದಿಯವರ ಕಣ್ಣು ಬಿದ್ದಲ್ಲಿ ಕಳ್ಳತನ ಕಷ್ಟ ಎಂಬ ತಿಳಿವಳಿಕೆ ಅದರ ಹಿಂದಿದೆ. ಈಗಾಗಲೇ ಪಟ್ಟಿಯಲ್ಲಿ ಇರುವವರ ಹೆಸರನ್ನು ನೋಟಿಸ್ ಕೊಡದೆ, ಮಾತು ಕೇಳದೆ ತೆಗೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ 1995ರಲ್ಲೇ ಹೇಳಿದೆ.

ಆದರೆ ಪ್ರಕಟಿಸುವ ರೀತಿಯೇ ಬದಲಾಯಿತು. 2018ರ ಜನವರಿಯಲ್ಲಿ ಆಯೋಗ ಪಟ್ಟಿಗಳನ್ನು ಚಿತ್ರರೂಪದ ಪಿಡಿಎಫ್‌ನಲ್ಲಿ ಮಾತ್ರ ಹಾಕಿ ಎಂದಿತು. ಅಂದರೆ ಕಣ್ಣಿಗೆ ಕಾಣುತ್ತದೆ, ಕಂಪ್ಯೂಟರಿನಲ್ಲಿ ಹುಡುಕಲು ಬರುವುದಿಲ್ಲ. ಹುಡುಕಲು ಬರುವ ರೂಪದಲ್ಲಿ ಬೇಕೆಂದು ಕಮಲನಾಥ್ ಹೂಡಿದ್ದ ಅರ್ಜಿಯನ್ನು ಅದೇ ವರ್ಷ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಆಯೋಗ ಕೊಟ್ಟ ಕಾರಣ ಖಾಸಗಿತನ ಮತ್ತು ಸೈಬರ್ ಭದ್ರತೆ. ಅದು ಪೊಳ್ಳು ಕಾರಣವಲ್ಲ. ಕೋಟಿಗಟ್ಟಲೆ ಹೆಸರನ್ನು ಒಂದೇ ಏಟಿಗೆ ಬಾಚಿಕೊಳ್ಳಲು ವಿದೇಶದವರಿಗೂ ಕಂಪನಿಗಳಿಗೂ ಅವಕಾಶ ಕೊಡಬಾರದು. ಆದರೆ ದುಡ್ಡಿದ್ದವರು ಚಿತ್ರದ ಪುಟಗಳನ್ನೂ ಯಂತ್ರದಿಂದ ಓದಿಸಿಕೊಳ್ಳಬಲ್ಲರು. ಕೈ ಕಟ್ಟಿದ್ದು ಬೀದಿಯ ಪಟ್ಟಿಯನ್ನು ತಾವೇ ಪರಿಶೀಲಿಸೋಣ ಎಂದುಕೊಂಡ ನಾಲ್ಕು ಜನ ಸಾಮಾನ್ಯರಿಗೆ. ಇದಕ್ಕೆ ಎದುರಾಗಿ 2025ರ ಆಗಸ್ಟ್ 14ರ ಆದೇಶವನ್ನು ನೋಡಿ. ಬಿಹಾರದ ವಿಶೇಷ ಪರಿಷ್ಕರಣೆಯಲ್ಲಿ ಕರಡು ಪಟ್ಟಿಯಿಂದ ಹೊರಗುಳಿದ ಸುಮಾರು 65 ಲಕ್ಷ ಹೆಸರುಗಳನ್ನು ಕಾರಣ ಸಮೇತ, ಗುರುತಿನ ಚೀಟಿಯ ಸಂಖ್ಯೆಯಿಂದ ಹುಡುಕಲು ಬರುವಂತೆ ಪ್ರಕಟಿಸಬೇಕು, ಪಂಚಾಯಿತಿ ಕಚೇರಿಯ ಗೋಡೆಗೂ ಹಾಕಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ಆಯೋಗ ಪ್ರಕಟಿಸಿತು. ಭದ್ರತೆಗೆ ಏನೂ ಧಕ್ಕೆಯಾಗಲಿಲ್ಲ. ಬದುಕಿದ್ದೂ ಸತ್ತವರ ಸಾಲಿನಲ್ಲಿದ್ದ ಜನ ತಮ್ಮ ಹೆಸರು ನೋಡಿಕೊಂಡು ಬಂದು ಕೇಳಿದರು.

ಖಾಸಗಿತನದ ಮಾತು ಬಂದ ಮೇಲೆ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರನ್ನು ನೆನೆಯದೆ ಮುಂದೆ ಹೋಗಲಾಗದು. ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದು ನಿವೃತ್ತರಾದ ಇವರು ಬೆಂಗಳೂರಿನಲ್ಲಿ ನೆಮ್ಮದಿಯಾಗಿ ಇದ್ದುಬಿಡಬಹುದಿತ್ತು. 2012ರಲ್ಲಿ, 86ರ ವಯಸ್ಸಿನಲ್ಲಿ, ಕಾನೂನಿನ ಆಧಾರವೇ ಇಲ್ಲದೆ ಜನರ ಬೆರಳಚ್ಚು ಕೂಡಿಡುವುದು ಸರಿಯಲ್ಲವೆಂದು ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಅರ್ಜಿಯಿಂದಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪು ಕೊಟ್ಟಿತು. ಅವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಹಿಂದೆ ಪಕ್ಷವಿಲ್ಲ, ಸಂಸ್ಥೆಯಿಲ್ಲ, ಒಬ್ಬ ವಯಸ್ಸಾದ ನಾಗರಿಕ. ಸಾರ್ವಜನಿಕರ ಪಾತ್ರ ಏನು ಎಂದು ಸಭೆಗಳಲ್ಲಿ ಕೇಳುತ್ತಾರಲ್ಲ, ನನಗೆ ಅವರು ನೆನಪಾಗುತ್ತಾರೆ. ಅವರ ಹೆಸರಿನ ಆ ಹಕ್ಕನ್ನು ಈಗ ತಲೆಕೆಳಗಾಗಿ ಬಳಸುವ ಅಪಾಯವೂ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಗೂ ತಿದ್ದುಪಡಿ ತಂದಿತು. ವೈಯಕ್ತಿಕ ಮಾಹಿತಿಯನ್ನು ಕೊಡಬೇಕಿಲ್ಲ ಎಂಬ ವಿನಾಯಿತಿ ಅದರಿಂದ ಬಹಳ ಅಗಲವಾಯಿತು. ಅಧಿಕಾರಿಯ ಸಹಿ ಇರುವ ಕಡತವೂ ‘ವೈಯಕ್ತಿಕ’ ಎಂದಾದರೆ ಚಿಲುಮೆಗೆ ಅನುಮತಿ ಕೊಟ್ಟವರು ಯಾರು ಎಂದು ನಾಳೆ ಕೇಳುವುದು ಹೇಗೆ?

ಇನ್ನು ನಮ್ಮ ಬೀದಿಯ ಕೆಲಸ. ನಿಮ್ಮ ಮತಗಟ್ಟೆಯ ಪಟ್ಟಿಯನ್ನು ಮುಖ್ಯ ಚುನಾವಣಾಧಿಕಾರಿಯ ವೆಬ್‌ಸೈಟಿನಿಂದ ಇಳಿಸಿಕೊಂಡು ಒಮ್ಮೆ ಬಿಡಿಸಿ ನೋಡಿ. ಪುಟಕ್ಕೆ 30 ಚೌಕ, ಸಾಲಿಗೆ ಮೂರರಂತೆ. ಒಂದೊಂದು ಚೌಕದಲ್ಲೂ ಒಬ್ಬರು. ಕೆಲವು ಚೌಕಗಳ ಮೇಲೆ ಅಡ್ಡಲಾಗಿ ‘ಡಿಲೀಟೆಡ್’ ಎಂಬ ಮುದ್ರೆ, ಪಕ್ಕದಲ್ಲಿ ಒಂದು ಇಂಗ್ಲಿಷ್ ಅಕ್ಷರ. ‘ಇ’ ಅಂದರೆ ತೀರಿಕೊಂಡವರು, ‘ಎಸ್’ ಅಂದರೆ ಮನೆ ಬಿಟ್ಟವರು, ‘ಆರ್’ ಅಂದರೆ ಎರಡು ಸಲ ಬಂದ ಹೆಸರು. ಮನೆ ಬಿಟ್ಟವರು ಎಂಬ ಕಾರಣ ಬಹಳ ಸಲೀಸು. ಲಕ್ಷ್ಮಣಪುರಿಯಲ್ಲೋ ಓಕಳಿಪುರದಲ್ಲೋ ಬಾಡಿಗೆಗಿದ್ದವರು ಎರಡು ಬೀದಿ ಆಚೆ ಹೋಗಿದ್ದರೂ ಸಾಕು. 2023ರ ಆರಂಭದಲ್ಲಿ ಶಿವಾಜಿನಗರದ ಒಂಬತ್ತು ಸಾವಿರಕ್ಕೂ ಹೆಚ್ಚು ಮತದಾರರಿಗೆ ಇಂಥದೇ ಕಾರಣ ಹೇಳಿ ನೋಟಿಸ್ ಹೋಗಿ ದೊಡ್ಡ ಗದ್ದಲವಾಯಿತು. ಚೌಕದಲ್ಲಿರುವ ಹೆಸರನ್ನು ನೋಡಿದೊಡನೆ ‘ಇವರು ಇಲ್ಲೇ ಇದ್ದಾರಲ್ಲ, ಬೆಳಿಗ್ಗೆ ಹಾಲಿನ ಬೂತಲ್ಲಿ ಸಿಕ್ಕಿದ್ದರು’ ಎಂದು ಹೇಳಬಲ್ಲವರು ಬೀದಿಯವರು ಮಾತ್ರ. ಅಷ್ಟು ನಿಖರವಾದ ತಂತ್ರಾಂಶ ಯಾವ ಆಯೋಗದ ಬಳಿಯೂ ಇಲ್ಲ.

ಅಪಾರ್ಟ್‌ಮೆಂಟಿನ ಸಂಘಗಳು ನೀರಿನ ಟ್ಯಾಂಕರಿಗೆ, ಲಿಫ್ಟಿನ ರಿಪೇರಿಗೆ ಸಭೆ ಸೇರುತ್ತವೆ. ಕರಡು ಪಟ್ಟಿ ಬಂದ ವಾರ ಒಂದು ಗಂಟೆ ಇದಕ್ಕೂ ಕೂರಬಹುದು. ಬಾಗಿಲಿಗೆ ಬಂದವರ ಹೆಸರು, ಅವರು ಯಾವ ಮತಗಟ್ಟೆಯ ಬಿಎಲ್‌ಒ ಎಂಬುದನ್ನು ಕೇಳಿ, ವೆಬ್‌ಸೈಟಿನಲ್ಲಿರುವ ಬಿಎಲ್‌ಒ ಹೆಸರು, ನಂಬರಿನ ಜೊತೆ ತಾಳೆ ನೋಡುವವರೆಗೆ ಏನನ್ನೂ ಹೇಳಬೇಕಿಲ್ಲ. ಬಿಎಲ್‌ಒಗಳು ಸರ್ಕಾರದ, ಸ್ಥಳೀಯ ಸಂಸ್ಥೆಗಳ ನೌಕರರು, ಅಂಗನವಾಡಿ ಕಾರ್ಯಕರ್ತೆಯರು, ಶಾಲೆಯ ಮೇಷ್ಟ್ರುಗಳು. ಅವರಿಗೆ ಇದರಿಂದ ಬೇಸರವಾಗುವುದಿಲ್ಲ. ಜಾತಿ, ಸಂಬಳ, ಯಾವ ಪಕ್ಷ ಎಂಬುದನ್ನು ಕೇಳಲು ಅವರಿಗೂ ಅಧಿಕಾರವಿಲ್ಲ. ಓಟಿಪಿಯನ್ನು ಯಾರಿಗೂ ಹೇಳಬೇಡಿ.

ಆಯೋಗದಿಂದ ನಾವು ಕೇಳಬೇಕಾದದ್ದೂ ಇದೆ. ನನ್ನ ಹೆಸರಿನ ಮೇಲೆ ನಮೂನೆ 7 ಬಿದ್ದ ದಿನವೇ ನನ್ನ ಮೊಬೈಲಿಗೆ ಸಂದೇಶ ಬರಲಿ, ಅರ್ಜಿದಾರರೆಂದು ದಾಖಲಾದವರಿಗೂ ಹೋಗಲಿ. ಆಳಂದದಲ್ಲಿ ಹೀಗಾಗಿದ್ದರೆ ಮೊದಲ ದಿನವೇ ಎರಡೂ ಕಡೆಯವರು ಬಾಯಿ ಬಿಡುತ್ತಿದ್ದರು. ತನಿಖೆಯಲ್ಲಿ ಪೊಲೀಸರು ಕೇಳಿದ ದಾಖಲೆ ಕೊಡಲು ಒಂದು ಗಡುವು ಇರಲಿ. ಪಟ್ಟಿಗೆ ಸಂಬಂಧಿಸಿದ ಯಾವ ಕೆಲಸವನ್ನೂ ಖಾಸಗಿ ಸಂಸ್ಥೆಗೆ, ಪುಕ್ಕಟೆಯಾಗಿ ಆದರೂ ಸರಿ, ವಹಿಸುವ ಆದೇಶವನ್ನು ಅದೇ ದಿನ ಪ್ರಕಟಿಸಲಿ. ಇದ್ಯಾವುದಕ್ಕೂ ಹೊಸ ತಂತ್ರಜ್ಞಾನ ಬೇಕಿಲ್ಲ.

ಸಂದೇಶದ ವ್ಯವಸ್ಥೆ ಬರುವವರೆಗೆ ಇರುವ ದಾರಿ ಇದು. ಹೆಸರು ತೆಗೆಯಲು ಬಂದ ಅರ್ಜಿಗಳ ಪಟ್ಟಿಗೆ ನಮೂನೆ 10 ಎಂದು ಹೆಸರು. ಪರಿಷ್ಕರಣೆ ನಡೆಯುವಾಗ ಅದನ್ನು ನೋಂದಣಾಧಿಕಾರಿಯ ಕಚೇರಿಯಲ್ಲೂ ವೆಬ್‌ಸೈಟಿನಲ್ಲೂ ಹಾಕುತ್ತಾರೆ. ಅದರಲ್ಲಿ ನಿಮ್ಮ ಹೆಸರೋ ಪಕ್ಕದ ಮನೆಯವರ ಹೆಸರೋ ಕಂಡರೆ ನೋಂದಣಾಧಿಕಾರಿಗೆ ಅಂದೇ ಲಿಖಿತವಾಗಿ ಬರೆದು ಅರ್ಜಿಯ ಪ್ರತಿ ಕೇಳಿ, ಹಿಂಬರಹ ಪಡೆಯಿರಿ. ಸುಳ್ಳು ಘೋಷಣೆ ಮಾಡಿ ಹೆಸರು ತೆಗೆಸಲು ಹೋದವರಿಗೆ 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 31ನೇ ಕಲಂನಲ್ಲಿ ಒಂದು ವರ್ಷದವರೆಗೆ ಶಿಕ್ಷೆಯಿದೆ, ಕರ್ತವ್ಯ ತಪ್ಪಿದ ಅಧಿಕಾರಿಗೆ 32ನೇ ಕಲಂನಲ್ಲಿ ಎರಡು ವರ್ಷದವರೆಗೆ. ದೂರಿನಲ್ಲಿ ಈ ಎರಡೂ ಕಲಂಗಳನ್ನು ಹೆಸರಿಸಿ ಬರೆಯಿರಿ.